ಕಾಯುವವಳ ಸಹಿ

ಬ್ರಾಂಕ್ಸ್, ನ್ಯೂಯಾರ್ಕ್
14 ಮಾರ್ಚ್ 1995

ಕೊಮಾದ್ರೆ ಪ್ರೊವಿ ಅವರಿಗೆ,

ನಿಮ್ಮ ಯಜಮಾನರು ಚೆಲೋ ಅವರ ಮಂಡಿನೋವು ಇಳಿದಿರಬಹುದು, ನೀವೂ ಗಟ್ಟಿಯಾಗಿರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ರೇಮುಂಡಾಳ ಅಂಗಡಿಗೆ ಫೋನ್ ಮಾಡಿದರೆ ನೀವು ಬರುವಷ್ಟರಲ್ಲಿ ಅರ್ಧ ಮೌನಾಬೋ ಊರೇ ಉಪ್ಪು ಕೊಳ್ಳುವ ನೆಪದಲ್ಲಿ ಅಲ್ಲಿ ಸೇರಿರುತ್ತದೆ. ಇದು ಅಲ್ಲಿ ಆಡುವ ಮಾತಲ್ಲ.

ನನ್ನ ರಕ್ತದ ಕಾಯಿಲೆ ನಿಮಗೆ ಗೊತ್ತು. ರುಬೆನ್ ಹೋದದ್ದೂ ಅದರಲ್ಲೇ. ಊರಿನವರಿಗೆ ನನ್ನ ಗಂಡ ನ್ಯುಮೋನಿಯಾದಿಂದ ಹೋದ ಎಂದು ಹೇಳಿದೆವು, ಅದು ಹಾಗೆಯೇ ಇರಲಿ. ಈಗ ಆಸ್ಪತ್ರೆಯಲ್ಲಿ ನನ್ನಂಥ ತಾಯಂದಿರಿಗಾಗಿಯೇ ಒಬ್ಬ ವಕೀಲೆ ಬಂದು ಕೂರುತ್ತಾರೆ. ಮಿಸ್ ಹ್ಯಾರಿಯೆಟ್ ಎಂದು ಹೆಸರು. ನೆಟ್ಟಗಿನ ಹೆಂಗಸು, ಸ್ಪ್ಯಾನಿಷ್ ಮಾತ್ರ ಸೊಟ್ಟ.

"ನಿನಗೇನಾದ್ರೂ ಆದ್ರೆ ಮಗಳನ್ನ ಯಾರು ನೋಡ್ಕೋತಾರೆ?" ಎಂದು ಕೇಳಿದರು.

"ನನ್ನ ಕೊಮಾದ್ರೆ," ಅಂದೆ.

"ಅವರನ್ನ ಕೇಳಿದೀಯಾ?"

ನನಗೆ ನಗು ಬಂತು. "ಮಿಸ್, ಆರೆಲಿಸ್ ಹುಟ್ಟಿದಾಗ ಉಸಿರು ಸಿಗದೆ ನೀಲಿಯಾಗಿದ್ಲು. ಪಾದ್ರಿ ಬರೋ ತನಕ ಇರ್ತಾಳೋ ಇಲ್ವೋ ಅಂತ ಅವರೇ ಲೋಟದಲ್ಲಿ ನೀರು ತಂದು ತಲೆ ಮೇಲೆ ಹಾಕಿ ಹೆಸರಿಟ್ರು. ನೀರು ಹಾಕಿದೋಳು ಮಗುಗೆ ಎರಡನೇ ತಾಯಿ, ನನಗೆ ಕೊಮಾದ್ರೆ, ಅಂದ್ರೆ ಜೊತೆತಾಯಿ. ಅವರನ್ನ ಹೋಗಿ 'ನೋಡ್ಕೋತೀರಾ' ಅಂತ ಕೇಳೋದು ಅಂದ್ರೆ ಮುಖಕ್ಕೆ ಹೊಡೆದ ಹಾಗೆ."

"ಜಡ್ಜ್‌ಗೆ ನೀರು ಕಾಣಲ್ಲ ಇರೈದಾ. ಸಹಿ ಕಾಣುತ್ತೆ."

ಸಹಿ ಇಲ್ಲದಿದ್ದರೆ, ನಾನು ಹೋದ ಮೇಲೆ ಅವಳನ್ನು ಸರ್ಕಾರ ಯಾವುದೋ ಗುರುತಿಲ್ಲದ ಮನೆಯಲ್ಲಿ ಇಡಬಹುದಂತೆ. ಹಾಗಾಗಿ ಕೇಳುತ್ತಿದ್ದೇನೆ, ಕೋಪಿಸಿಕೊಳ್ಳಬೇಡಿ. ಕಾನೂನಿನಲ್ಲಿ ನಿಮ್ಮ ಹೆಸರು 'ಕಾದಿರುವ ಪಾಲಕಿ'. ಸದ್ಯಕ್ಕೆ ನೀವು ಏನೂ ಅಲ್ಲ, ಆದರೆ ಏನೂ ಅಲ್ಲವೆಂದೂ ಅಲ್ಲ. ನನಗೂ ಪೂರ್ತಿ ತಿಳಿದಿಲ್ಲ. ಪೆನ್ಸಿಲ್ ಗುರುತು ಇರುವ ಕಡೆ ಸಹಿ ಮಾಡಿ ಕಳಿಸಿ.

ನಿಮ್ಮ ಕೊಮಾದ್ರೆ,
ಇರೈದಾ


ಮೌನಾಬೋ
2 ಏಪ್ರಿಲ್ 1995

ಕೊಮಾದ್ರೆ ಇರೈದಾ ಅವರಿಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಅತ್ತದ್ದಕ್ಕೆ ಮತ್ತೆ ಸಿಟ್ಟು ಬಂತು. ಕೇಳಬೇಕಾಗಿರಲಿಲ್ಲ. ಕೇಳಿದಿರಿ, ಆಯಿತು.

ಚೆಲೋ ಅವರಿಗೆ ಓದಿ ಹೇಳಿದೆ. ಅವರು ಹಿತ್ತಲಲ್ಲಿ, ಅಡುಗೆಗೆಂದು ಬೋನಿನಲ್ಲಿಟ್ಟು ಕೊಬ್ಬಿಸುವ ಏಡಿಗಳಿಗೆ ಜೋಳ ಹಾಕುತ್ತಿದ್ದರು.

"ನೀನು ಕಾದಿರಬೇಕಂತೆ ನೋಡು," ಅಂದರು.

"ಏನಕ್ಕೆ?"

"ಅವಳು ಸಾಯೋದಕ್ಕೆ. ಈ ಏಡಿಗಳ ಹಾಗೆ, ತಿಂದ್ಕೊಂಡು."

"ಏಡಿ ಕಾಯೋದು ತನ್ನ ಸಾವಿಗೆ, ಇನ್ನೊಬ್ಬರದಕ್ಕಲ್ಲ. ಬಾಯಿ ಮುಚ್ಕೊಂಡು ಜೋಳ ಹಾಕಿ."

ಹಾಗೆ ಅವರ ಬಾಯಿ ಮುಚ್ಚಿಸಿದೆನಾದರೂ ಮಾತು ತಲೆಯಿಂದ ಹೋಗಲಿಲ್ಲ. ಇದೆಂಥ ಕೆಲಸ ಕೊಟ್ಟಿದ್ದೀರಿ? ಕಾದರೆ ಪಾಪ, ಕಾಯದಿದ್ದರೆ ಕಾನೂನು ಒಪ್ಪುವುದಿಲ್ಲ. ನಿಮ್ಮ ಪೆನ್ಸಿಲ್ ಗುರುತು ದಾರಿಯಲ್ಲಿ ಉಜ್ಜಿ ಹೋಗಿತ್ತು. ಎಲ್ಲೆಲ್ಲಿ ಗೆರೆ ಕಂಡಿತೋ ಅಲ್ಲೆಲ್ಲ ಸಹಿ ಮಾಡಿದ್ದೇನೆ.

ನಿಮ್ಮ ಕೊಮಾದ್ರೆ,
ಪ್ರೊವಿಡೆನ್ಸಿಯಾ


ಬ್ರಾಂಕ್ಸ್
9 ಜೂನ್ 1995

ಕೊಮಾದ್ರೆ ಪ್ರೊವಿ ಅವರಿಗೆ,

ನೀವು 'ತಂದೆ' ಎಂಬ ಗೆರೆಯ ಮೇಲೂ ಸಹಿ ಮಾಡಿದ್ದಿರಿ. ಮಿಸ್ ಹ್ಯಾರಿಯೆಟ್ ಕನ್ನಡಕ ತೆಗೆದು ನಕ್ಕರು. ಎರಡನೆಯ ಸಲ ಕಳಿಸಿದ ಪ್ರತಿ ಸರಿಯಾಗಿತ್ತು, ಜಡ್ಜ್ ಮೊಹರು ಒತ್ತಿದ್ದಾರೆ.

ಈ ಕಾಗದ ಈಗ ಮಲಗಿರುತ್ತದಂತೆ. ಎಚ್ಚರವಾಗುವುದಕ್ಕೆ ಮೂರು ದಾರಿ. ನಾನು ಹೋದರೆ. ನನ್ನ ತಲೆ ಕೆಟ್ಟರೆ. ಇಲ್ಲವೇ ಮೈಯಲ್ಲಿ ಶಕ್ತಿ ಸಾಲದೆ ನಾನೇ 'ಹೂಂ' ಎಂದು ಬರೆದು ಕೊಟ್ಟರೆ. ಮೂರನೆಯದರಲ್ಲಿ ನಾನೂ ತಾಯಿಯೇ, ನೀವೂ ಪಾಲಕಿಯೇ.

"ಒಂದೇ ಸಲಕ್ಕೆ ಇಬ್ಬರಾ?" ಎಂದು ಕೇಳಿದೆ.

"ಇಬ್ಬರು."

"ಇಬ್ಬರೂ ಬೇರೆ ಬೇರೆ ಹೇಳಿದ್ರೆ ಮಗು ಯಾರ ಮಾತು ಕೇಳ್ಬೇಕು?"

"ನಿಮ್ಮಿಬ್ಬರಿಗೆ ಜಗಳ ಆಗುತ್ತಾ?"

"ಇಲ್ಲ, ಕೊಮಾದ್ರೆಗಳು ಜಗಳ ಆಡಬಾರದು," ಅಂದೆ. ಅವರು ಅದನ್ನೂ ಬರೆದುಕೊಂಡರು.

ಆರೆಲಿಸ್‌ಗೆ ನಾನು ಏನೂ ಹೇಳಿಲ್ಲ. ಏಳು ವರ್ಷದವಳಿಗೆ ಏನೆಂದು ಹೇಳಲಿ? ನಾನು ಹೇಳಿಲ್ಲ ಎಂದ ಮಾತ್ರಕ್ಕೆ ಅವಳಿಗೆ ತಿಳಿದಿಲ್ಲ ಎಂದೂ ಅಲ್ಲ.

ನಿಮ್ಮ,
ಇರೈದಾ


ಬ್ರಾಂಕ್ಸ್
20 ನವೆಂಬರ್ 1995

ಕೊಮಾದ್ರೆ,

ಕೈ ನಡುಗುತ್ತದೆ, ಅಕ್ಷರ ಕ್ಷಮಿಸಿ. ಮೆಟ್ಟಿಲು ಹತ್ತಲಾಗುತ್ತಿಲ್ಲ. ನಿನ್ನೆ ಆರೆಲಿಸ್ ಸ್ಟೂಲಿನ ಮೇಲೆ ನಿಂತು ತಾನೇ ಅನ್ನ ಮಾಡಿ ನನಗೆ ತಿನ್ನಿಸಿದಳು. ಅದನ್ನು ನೋಡಿ ಇವತ್ತು 'ಹೂಂ' ಎಂದು ಬರೆದುಕೊಟ್ಟೆ.

ಪಕ್ಕದ ಮನೆಯ ಹೆಂಗಸು ಹಬ್ಬಕ್ಕೆ ನಮ್ಮ ದ್ವೀಪಕ್ಕೆ ಹೊರಟಿದ್ದಾಳೆ. ವಿಮಾನದಲ್ಲಿ ಅವಳ ಜೊತೆ ಮಗಳನ್ನು ಕಳಿಸುತ್ತೇನೆ. ಆರೆಲಿಸ್‌ಗೆ ಬಾಳೆಕಾಯಿ ಕಟುಂ ಅನ್ನುವಷ್ಟು ಕರಿದಿರಬೇಕು. ತಲೆ ಬಾಚುವಾಗ ಕೆಳಗಿನಿಂದ ಸಿಕ್ಕು ಬಿಡಿಸಿ. ಗುಡುಗಿಗೆ ಹೆದರುವುದಿಲ್ಲ, ಮೌನಕ್ಕೆ ಹೆದರುತ್ತಾಳೆ.

ಇರೈದಾ


ಮೌನಾಬೋ
15 ಜನವರಿ 1996

ಕೊಮಾದ್ರೆ ಇರೈದಾ ಅವರಿಗೆ,

ಹುಡುಗಿ ಸುಖವಾಗಿದ್ದಾಳೆ. ಮೊದಲ ವಾರ ಮಾತೇ ಇಲ್ಲ, ಆಡಿದರೆ ಇಂಗ್ಲಿಷು. ಅದಕ್ಕೇ ರೇಡಿಯೋ ಇಡೀ ದಿನ ಹಾಕಿಟ್ಟೆ, ಮೌನ ಇರದಿರಲಿ ಎಂದು. ಚೆಲೋ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಮೂವರು ಅರಸರ ಹಬ್ಬದ ಹಿಂದಿನ ದಿನ, ಉಡುಗೊರೆ ಹೊತ್ತು ತರುವ ಅವರ ಒಂಟೆಗಳಿಗೆಂದು ಪೆಟ್ಟಿಗೆ ತುಂಬ ಹುಲ್ಲು ಕಿತ್ತು ಮಂಚದ ಕೆಳಗೆ ಇಟ್ಟಳು. "ಬ್ರಾಂಕ್ಸ್‌ನಲ್ಲಿ ಹುಲ್ಲು ಸಿಗಲ್ಲ, ಮಮ್ಮಿ ಕಾರ್ನ್‌ಫ್ಲೇಕ್ಸ್ ಇಡ್ತಿದ್ರು," ಅಂದಳು. ಅವಳು ನನ್ನ ಹತ್ತಿರ ಆಡಿದ ಮೊದಲ ಉದ್ದನೆಯ ಮಾತು ಅದು.

ಶಾಲೆಗೆ ಸೇರಿಸಲು ಹೋದದ್ದು ಕೇಳಿ. ಕಿಟಕಿಯಲ್ಲಿ ಕೂತಿದ್ದ ಗುಮಾಸ್ತೆಗೆ ನ್ಯೂಯಾರ್ಕಿನ ಮೊಹರು ತೋರಿಸಿದೆ. ಅವಳು ಅದನ್ನು ತಲೆಕೆಳಗು ಮಾಡಿಯೂ ನೋಡಿದಳು.

"ನೀವು ತಾಯಿನಾ?"

"ಅಲ್ಲ."

"ತಾಯಿ ತೀರ್ಕೊಂಡ್ರಾ?"

"ಬಾಯಲ್ಲಿ ಒಳ್ಳೆ ಮಾತು ಬರ್ಲಿ. ಇದಾರೆ."

"ಮತ್ತೆ ನೀವ್ಯಾರು?"

"ಕಾದಿರೋಳು."

"ಕಾಯೋರೆಲ್ಲ ಆ ಬೆಂಚಲ್ಲಿ ಕೂತ್ಕೋಬೇಕು."

ಕೂತೆ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಮುಖ್ಯೋಪಾಧ್ಯಾಯಿನಿ ಹೊರಗೆ ಬಂದರು. ಅವರನ್ನೂ ಅವರ ಸೋದರತ್ತೆಯೇ ಸಾಕಿದ್ದು. ಕಾಗದ ನೋಡಲೇ ಇಲ್ಲ, ಹುಡುಗಿ ನನ್ನ ಲಂಗ ಹಿಡಿದು ನಿಂತದ್ದು ನೋಡಿ, "ಸಾಕುಮಗಳು ಅಂತ ಬರ್ಕೊಳ್ರೀ, ಇದಕ್ಕೆ ಇಷ್ಟು ಹೊತ್ತೇನು," ಅಂದರು. ಒಂದೇ ಮಾತಿನಲ್ಲಿ ಕೆಲಸ ಆಯಿತು. ನಮ್ಮ ಬೀದಿಯಲ್ಲೇ ಎಷ್ಟು ಮನೆಯಲ್ಲಿ ಸಾಕುಮಕ್ಕಳಿಲ್ಲ? ಕೊಟ್ಟವರು ಕೊಟ್ಟರು, ಸಾಕಿದವರು ಸಾಕಿದರು. ಈಗ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೇನೆ, ನೀವು ನನಗೆ ಕೊಟ್ಟಿರಿ ಎಂದು.

ಮೂರು ಸಲ ತೊಟ್ಟಿಲು ತಂದು ಮೂರು ಸಲವೂ ವಾಪಸು ಕೊಟ್ಟ ಮನೆ ಇದು. ಹೆಚ್ಚು ಬರೆಯುವುದಿಲ್ಲ. ನೀವು ಮಲಗಿರುವಾಗ ಸಂತೋಷದ ಸುದ್ದಿ ಹೇಗೆ ಬರೆಯಬೇಕು ಎಂದು ತಿಳಿಯುತ್ತಿಲ್ಲ.

ನಿಮ್ಮ ಕೊಮಾದ್ರೆ,
ಪ್ರೊವಿ


ಬ್ರಾಂಕ್ಸ್
6 ಮೇ 1996

ಕೊಮಾದ್ರೆ,

ಇದನ್ನು ನರ್ಸ್ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಫೋಟೋ ಕಳಿಸಬೇಡಿ, ನೋಡಲು ಆಗುವುದಿಲ್ಲ. ಇಲ್ಲ, ಕಳಿಸಿ.

ಇ.


ಮೌನಾಬೋ
1 ಜೂನ್ 1996

ಕೊಮಾದ್ರೆ ಇರೈದಾ ಅವರಿಗೆ,

ಫೋಟೋ ಇಟ್ಟಿದ್ದೇನೆ. ಕೈಯಲ್ಲಿ ಏಡಿ ಹಿಡಿದಿರುವುದು ಅವಳೇ. ಹಿಂದಿನಿಂದ ಹಿಡಿಯುವುದನ್ನು ಚೆಲೋ ಕಲಿಸಿದರು.

ನೀವು ನನ್ನಿಂದ ಏನನ್ನೂ ಮುಚ್ಚಿಡದವರು, ನಾನೂ ಮುಚ್ಚಿಡುವುದಿಲ್ಲ. ನನ್ನ ಹಳದಿ ಉಡುಪಿಗೆ ಕಪ್ಪು ಬಣ್ಣ ಹಾಕಿದ್ದೇನೆ. ಜಪಮಾಲೆ ಹೇಳಿಸುವ ದೋಞಾ ಉರ್ಸುಲಾ ಅವರಿಗೂ ಒಂದು ಮಾತು ಹೇಳಿಟ್ಟಿದ್ದೇನೆ, ಸತ್ತವರಿಗೆ ಮಾಡುವ ಒಂಬತ್ತು ದಿನದ ಪ್ರಾರ್ಥನೆಗೆ. "ಯಾವಾಗ?" ಎಂದು ಕೇಳಿದರು.

ನಿಮ್ಮ ಕೊಮಾದ್ರೆ,
ಪ್ರೊವಿ


ಬ್ರಾಂಕ್ಸ್
12 ಅಕ್ಟೋಬರ್ 1996

ಕೊಮಾದ್ರೆ ಪ್ರೊವಿ ಅವರಿಗೆ,

ಅಕ್ಷರ ನೋಡಿ, ನಾನೇ ಬರೆಯುತ್ತಿದ್ದೇನೆ. ಏನಾಗುತ್ತಿದೆ ಎಂದು ತಿಳಿಯುತ್ತಿಲ್ಲ. ಬೇಸಿಗೆಯಲ್ಲಿ ಹೊಸ ಗುಳಿಗೆ ಶುರುಮಾಡಿದರು. ಕೈತುಂಬ ಗುಳಿಗೆ, ಕೆಲವು ಹಸಿದ ಹೊಟ್ಟೆಗೆ, ಕೆಲವು ಊಟದ ಜೊತೆ. ಮೊದಲು ವಾಂತಿಯೋ ವಾಂತಿ. ಆಮೇಲೊಂದು ದಿನ ಹಸಿವಾಯಿತು. ಹಸಿವು ಎಂದರೆ ಏನೆಂದೇ ಮರೆತಿದ್ದೆ, ಹೊಟ್ಟೆನೋವು ಎಂದುಕೊಂಡು ನರ್ಸನ್ನು ಕರೆದೆ.

ಮನೆಗೆ ಬಂದಿದ್ದೇನೆ, ಮೆಟ್ಟಿಲು ಹತ್ತಿಕೊಂಡೇ. ಮನೆಯಲ್ಲಿ ಏನೂ ಇಲ್ಲ. ಚಳಿಯ ಕೋಟು, ಮಂಚ, ಅಕ್ಕಿಯ ಪಾತ್ರೆ ಎಲ್ಲ ಹಂಚಿಬಿಟ್ಟಿದ್ದೆನಲ್ಲ. ಇಸ್ತ್ರಿಪೆಟ್ಟಿಗೆ ಕೇಳಲು ಪಕ್ಕದ ಮನೆಗೆ ಹೋದೆ.

"ನೀನು ಕೊಟ್ಟುಬಿಟ್ಟಿದ್ದೆ," ಅಂದಳು.

"ಸಾಯ್ತೀನಿ ಅಂತ ಕೊಟ್ಟಿದ್ದೆ."

"ಹಾಗಂತ ಹೇಳಿರ್ಲಿಲ್ಲ."

ಇಬ್ಬರೂ ಬಾಗಿಲಲ್ಲಿ ನಿಂತು ನಕ್ಕೆವು, ಆದರೆ ಅವಳು ಇಸ್ತ್ರಿಪೆಟ್ಟಿಗೆ ಕೊಡಲಿಲ್ಲ. ಅವಳದೇನು ತಪ್ಪು? ನನ್ನ ಕೂದಲು ಮತ್ತೆ ಬರುತ್ತಿದೆ, ಗುಂಗುರಾಗಿ. ನನಗೆ ಗುಂಗುರು ಕೂದಲೇ ಇರಲಿಲ್ಲ. ಇದು ನಾನೋ ಬೇರೆ ಯಾರೋ. ಇನ್ನೂ ನಿಮಗೆ ಕೇಳಬೇಕಾದ್ದು ಇದೆ, ಇವತ್ತು ಕೇಳುವುದಿಲ್ಲ.

ಇರೈದಾ


ಮೌನಾಬೋ
10 ನವೆಂಬರ್ 1996

ಕೊಮಾದ್ರೆ ಇರೈದಾ ಅವರಿಗೆ,

ದೇವರು ದೊಡ್ಡವನು. ದೇವಮಾತೆಗೆ ಹರಕೆ ಸಲ್ಲಿಸಿದೆ. ಆರೆಲಿಸ್ ಬರುವ ಮೇ ತಿಂಗಳಲ್ಲಿ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳುವವಳು, ಅದರ ಪಾಠ ನಡೆಯುತ್ತಿದೆ. ಬಿಳಿ ಉಡುಪಿಗೆ ಅಳತೆ ಕೊಟ್ಟಾಗಿದೆ. ಇಲ್ಲಿ ಎಲ್ಲ ಕ್ಷೇಮ.

ಪ್ರೊವಿಡೆನ್ಸಿಯಾ


ಬ್ರಾಂಕ್ಸ್
18 ಜನವರಿ 1997

ಕೊಮಾದ್ರೆ ಪ್ರೊವಿ ಅವರಿಗೆ,

ನಿಮ್ಮ ಕಾಗದ ಚಿಕ್ಕದಿತ್ತು. ಅದನ್ನು ತುಂಬ ಸಲ ಓದಿದೆ.

ಮಿಸ್ ಹ್ಯಾರಿಯೆಟ್ ಹೇಳಿದರು, ತಾಯಿ ಚೇತರಿಸಿಕೊಂಡರೆ ಆ ಕಾಗದವನ್ನು ರದ್ದು ಮಾಡಬಹುದಂತೆ. ಒಂದು ಸಾಲು ಬರೆದು ಕೋರ್ಟಿಗೆ ಕೊಟ್ಟು, ನಿಮಗೊಂದು ಪ್ರತಿ ಕಳಿಸಿದರೆ ಮುಗಿಯಿತು. ನಿಮ್ಮ ಸಹಿ ಕೂಡ ಬೇಡವಂತೆ. ಅದನ್ನು ಕೇಳಿ ನನಗೆ ಖುಷಿಯಾಗಲಿಲ್ಲ, ನಾಚಿಕೆಯಾಯಿತು. ಸೇರಿಸಲು ನಿಮ್ಮ ಸಹಿ ಬೇಕಿತ್ತು, ತೆಗೆಯಲು ಬೇಡ.

ಶಾಲೆ ಮುಗಿದ ಮೇಲೆ ಅವಳನ್ನು ಕಳಿಸಿಕೊಡುತ್ತೀರಾ? ಮಂಚ ಕೊಂಡಿದ್ದೇನೆ. ಎರಡು.

ಇರೈದಾ


ಮೌನಾಬೋ
16 ಫೆಬ್ರವರಿ 1997

ಕೊಮಾದ್ರೆ ಇರೈದಾ ಅವರಿಗೆ,

ಚಿಕ್ಕವರಿದ್ದಾಗ ನಾವು 'ನೀನು' ಎಂದುಕೊಂಡೇ ಜಡೆ ಹಿಡಿದು ಜಗಳವಾಡಿದವರು. ನೀರು ಹಾಕಿದ ದಿನದಿಂದ 'ನೀವು' ಬಂತು. ಇವತ್ತು ಜಗಳವಾಡಬೇಕಾಗಿದೆ, 'ನೀವು' ಎಂದುಕೊಂಡು ಹೇಗೆ ಆಡುವುದೋ ತಿಳಿಯದು.

ನಮ್ಮೂರಿನಲ್ಲಿ ಸಾಕಲು ಕೊಟ್ಟ ಮಗುವನ್ನು ಯಾರಾದರೂ ವಾಪಸು ಕೇಳಿದ್ದು ನೀವು ಕಂಡಿದ್ದೀರಾ? ನಿಮ್ಮ ಇಸ್ತ್ರಿಪೆಟ್ಟಿಗೆಯನ್ನೇ ಪಕ್ಕದ ಮನೆಯವಳು ಕೊಡಲಿಲ್ಲ, ನೀವೇ ಬರೆದಿರಿ, ಅವಳದೇನು ತಪ್ಪು ಎಂದು. ನೀವು ಸತ್ತರೆ ಏನು ಮಾಡಬೇಕು ಎಂದು ಎಲ್ಲರೂ ಹೇಳಿಕೊಟ್ಟರು. ನೀವು ಬದುಕಿದರೆ ಏನು ಮಾಡಬೇಕು ಎಂದು ಒಬ್ಬರೂ ಹೇಳಲಿಲ್ಲ.

ನೀವು ಬದುಕಿದ್ದು ನನಗೆ ಸಂತೋಷ. ಇದನ್ನು ಬರೆದು ಮತ್ತೆ ಓದಿದೆ, ಸುಳ್ಳಲ್ಲ. ಆದರೂ ನಿಮ್ಮ ಕಾಗದ ಬಂದಾಗ ಏಡಿಗಳಿಗೆ ಜೋಳ ಹಾಕಿ ಬರುತ್ತೇನೆಂದು ಎದ್ದು ಹೋದೆ. ಬೋನಿನಲ್ಲಿ ಏಡಿ ಇರಲಿಲ್ಲ, ಹಿಂದಿನ ಭಾನುವಾರವೇ ತಿಂದು ಮುಗಿಸಿದ್ದೆವು. ಜೋಳ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಚೆಲೋ ಬಂದು ಕೈಯಿಂದ ಡಬ್ಬ ತೆಗೆದುಕೊಂಡರು.

ಹುಡುಗಿಗೆ ಏನೂ ಹೇಳಿಲ್ಲ. ಹೇಳುವುದು ನಿಮಗೆ ಸೇರಿದ್ದೋ ನನಗೋ, ಅದೂ ಗೊತ್ತಿಲ್ಲ.

ಪ್ರೊವಿ


ಮೌನಾಬೋ
ಮಾರ್ಚ್ 1997

ಮಮ್ಮಿಗೆ,

ಇದನ್ನ ಚೆಲೋ ಅಂಚೆಗೆ ಹಾಕ್ತಾರೆ, ಪ್ರೊವಿಗೆ ಗೊತ್ತಿಲ್ಲ. ನಿನ್ನ ಕಾಗದ ನಾನು ಓದಿದೆ, ಅದು ರೇಡಿಯೋ ಕೆಳಗಿತ್ತು. ಒಂದು ತೊಂದರೆ ಆಗಿದೆ. ನಿಮ್ಮಮ್ಮ ಎಲ್ಲಿ ನಿಮ್ಮಮ್ಮ ಎಲ್ಲಿ ಅಂತ ಸ್ಕೂಲಲ್ಲಿ ತುಂಬಾ ಕೇಳ್ತಿದ್ರು, ಅದಕ್ಕೆ ಸತ್ತೋದ್ರು ಅಂತ ಹೇಳಿಬಿಟ್ಟೆ. ಆಮೇಲೆ ಯಾರೂ ಕೇಳಲಿಲ್ಲ. ಟೀಚರ್ ಸತ್ತವರ ದಿನ ನಿನಗೆ ಕ್ಯಾಂಡಲ್ ಹಚ್ಚಿದ್ರು. ಈಗ ನಾನು ಏನು ಹೇಳಲಿ? ನೀನು ಇನ್ನೂ ಸಾಯ್ತೀಯಾ ಅಥವಾ ಸಾಯಲ್ವಾ? ಸಾಯೋದಾದ್ರೆ ನಾನು ಬಂದು ಮತ್ತೆ ವಾಪಸ್ ಬರಬೇಕಾಗುತ್ತೆ. ನೀನೇ ಬಂದು ಟೀಚರ್‌ಗೆ ಹೇಳು.

ಆರೆಲಿಸ್


ಬ್ರಾಂಕ್ಸ್
30 ಜುಲೈ 1997

ಕೊಮಾದ್ರೆ ಪ್ರೊವಿ ಅವರಿಗೆ,

ತಲುಪಿದೆವು. ನಿಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದವಳಿಗೆ ಬರೆಯಲು ಏನಿರುತ್ತದೆ ಎನ್ನಬೇಡಿ. ಅಲ್ಲಿ ಇದ್ದಾಗ ನಾವಿಬ್ಬರೂ ಆಡಬೇಕಾದ ಮಾತು ಬಿಟ್ಟು ಎಲ್ಲವನ್ನೂ ಆಡಿದೆವು.

ಮೇ ತಿಂಗಳಲ್ಲಿ ವ್ಯಾನಿಂದ ಇಳಿದಾಗ ಮೊದಲು ಕಂಡವಳು ರೇಮುಂಡಾ. ಶಿಲುಬೆ ಗುರುತು ಮಾಡಿಕೊಂಡಳು. "ಇರೈದಾ? ನಾನೂ ನಿನಗೆ ಕ್ಯಾಂಡಲ್ ಹಚ್ಚಿದೀನಿ ಕಣೇ."

"ಒಳ್ಳೇದಾಯ್ತು, ಮುಂದಕ್ಕಿರ್ಲಿ," ಅಂದೆ.

ನಕ್ಕುಕೊಂಡೇ ನಿಮ್ಮ ಮನೆಯವರೆಗೆ ನಡೆದೆ. ಅಡುಗೆಮನೆಯ ಬಾಗಿಲಿಗೆ ಬಂದಾಗ ನಗು ನಿಂತಿತು. ನೀವು ಒಲೆಯ ಕಡೆ ತಿರುಗಿದ್ದಿರಿ.

"ಬಂದ್ರಾ?"

"ಬಂದೆ."

"ಅನ್ನ ಇಳಿಸ್ತಿದೀನಿ. ಕೂತ್ಕೊಳಿ."

ಆರೆಲಿಸ್ ನಮ್ಮಿಬ್ಬರ ನಡುವೆ ನಿಂತಿದ್ದಳು. ನನ್ನ ಹತ್ತಿರ ಬಂದಳು, ನನ್ನ ಕೂದಲು ಮುಟ್ಟಿ ನೋಡಿದಳು, ಆಮೇಲೆ ಹೋಗಿ ನಿಮ್ಮ ಏಪ್ರನ್ ಹಿಡಿದುಕೊಂಡಳು. ನೀವು ತಿರುಗಿ ನೋಡಲಿಲ್ಲ, ಆದರೆ ಸೌಟು ಬೇರೆ ಕೈಗೆ ಬದಲಾಯಿಸಿದಿರಿ, ಅವಳಿಗೆ ಹಿಡಿಯಲು ಸುಲಭವಾಗಲಿ ಎಂದು. ನಾನು ಅದನ್ನು ನೋಡಿದೆ.

ಅವಳ ಪೆಟ್ಟಿಗೆ ಕಟ್ಟಿದ್ದು ನೀವೇ. ನಾನು ಕೇಳಿರಲಿಲ್ಲ. ಬೆಳಿಗ್ಗೆ ಎದ್ದಾಗ ಬಾಗಿಲ ಬಳಿ ಇತ್ತು. ಯಾಕೆ ಎಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಅವಳು, "ವಾಪಸ್ ಯಾವಾಗ?" ಎಂದು ಕೇಳಿದ್ದು ನಿಮ್ಮನ್ನು. ನೀವು ನನ್ನ ಕಡೆ ನೋಡಿದಿರಿ, ನಾನು ವ್ಯಾನಿನ ಕಡೆ ನೋಡಿದೆ.

ಇಲ್ಲಿ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಬಾಳೆಕಾಯಿ ಕಟುಂ ಅನ್ನುವಂತೆ ಕರಿದುಕೊಟ್ಟೆ. "ಪ್ರೊವಿ ಮೆತ್ತಗೆ ಮಾಡ್ತಾರೆ," ಅಂದಳು. ನಾನು ಬರೆದು ಕಳಿಸಿದ್ದೆನಲ್ಲ, ಅದೆಲ್ಲ ಹಳೆಯ ಹುಡುಗಿಯದು. ನಿದ್ದೆಗಣ್ಣಲ್ಲಿ ಕರೆಯುವುದು ನಿಮ್ಮನ್ನು. ನಾನು ಎದ್ದು ಹೋಗುತ್ತೇನೆ, ಅವಳು ಒಂದು ಗಳಿಗೆ ನನ್ನನ್ನೇ ನೋಡುತ್ತಾಳೆ, ಆಮೇಲೆ ಸರಿದು ಜಾಗ ಮಾಡಿಕೊಡುತ್ತಾಳೆ.

ಕಾಗದ ರದ್ದು ಮಾಡಿ ಕೋರ್ಟಿಗೆ ಕೊಟ್ಟೆ. ಅದರ ಪ್ರತಿ ನಿಮಗೆ ಬಂದಿರಬೇಕು. ಅದನ್ನು ನೀವು ಓದಿದ ಗಳಿಗೆಯನ್ನು ನೆನೆಸಿಕೊಳ್ಳಲು ನನಗೆ ಧೈರ್ಯವಿಲ್ಲ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ಗುಳಿಗೆ ಎಷ್ಟು ಕಾಲ ನಡೆಯುತ್ತದೆ ಎಂದು ಡಾಕ್ಟರಿಗೆ ಗೊತ್ತಿಲ್ಲ. "ನಮಗೂ ಇದು ಹೊಸದು," ಅನ್ನುತ್ತಾರೆ. ಕೆಲವರಿಗೆ ವರ್ಷದಲ್ಲೇ ಕೈಕೊಟ್ಟಿದೆ. ಹಳೆಯ ಕಾಗದ ಹೋಯಿತು, ಹೊಸದು ಬೇಕು. ಮಿಸ್ ಹ್ಯಾರಿಯೆಟ್ "ಯಾರ ಹೆಸರು?" ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದು ಎದ್ದು ಬಂದೆ. ಒಂದು ಸಲ ಕೊಟ್ಟು ಕಿತ್ತುಕೊಂಡವಳು ಮತ್ತೆ ಯಾವ ಮುಖದಿಂದ ಕೊಡಲಿ?

ಮೊದಲ ಸಲ ಕೇಳಬೇಕಾಗಿರಲಿಲ್ಲ ಎಂದು ನೀವೇ ಬರೆದಿದ್ದಿರಿ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಕೊಮಾದ್ರೆಗೆ ಇಲ್ಲ ಎನ್ನಬಾರದು ಎಂಬುದನ್ನು ಮರೆತುಬಿಡಿ. ಇಲ್ಲ ಎಂದರೂ ನೀವು ನನಗೆ ಹಾಗೆಯೇ.

ಇರೈದಾ


ಮೌನಾಬೋ
21 ಸೆಪ್ಟೆಂಬರ್ 1997

ಕೊಮಾದ್ರೆ ಇರೈದಾ ಅವರಿಗೆ,

ತಡವಾಯಿತು. ಇಲ್ಲ ಎಂದು ನಿಮಗೊಂದು ಕಾಗದ ಬರೆದಿದ್ದೆ. ಒಳ್ಳೆಯ ಕಾಗದ, ಉದ್ದವಾಗಿತ್ತು. ಅಂಚೆಗೆ ಹಾಕಲು ಚೆಲೋ ಕೈಗೆ ಕೊಟ್ಟೆ. ಒಗೆಯುವ ದಿನ ಅದು ಅವರ ಅಂಗಿಯ ಜೇಬಿನಲ್ಲಿ ಮುದ್ದೆಯಾಗಿ ಸಿಕ್ಕಿತು.

"ಮರೆತ್ರಾ, ಬೇಕಂತಲೇ ಮಾಡಿದ್ರಾ?"

"ಮಂಡಿನೋವಿತ್ತು," ಅಂದರು. ಅಂಚೆಡಬ್ಬಿ ನಮ್ಮ ಗೇಟಿಗೇ ಕಟ್ಟಿದೆ.

ಮತ್ತೆ ಬರೆಯಲು ಕೂತೆ. ಎರಡನೆಯ ಸಲ ಅಷ್ಟು ಚೆನ್ನಾಗಿ ಬರಲಿಲ್ಲ. ನನ್ನ ತಲೆಯಲ್ಲಿ ಇರುವುದು ಇಷ್ಟು. ಸಹಿ ಮಾಡಿದರೆ ಮತ್ತೆ ಕಾಯಬೇಕು. ಕಾಯುವುದು ಎಂಥದ್ದು ಎಂದು ಮೊದಲ ಸಲ ಗೊತ್ತಿರಲಿಲ್ಲ, ಈಗ ಗೊತ್ತು. ನಿಮ್ಮ ಕಾಗದ ಬಂದಾಗಲೆಲ್ಲ ಮೊದಲು ನೋಡುವುದು ಅಕ್ಷರವನ್ನು, ನಡುಗಿದೆಯೋ ನೆಟ್ಟಗಿದೆಯೋ ಎಂದು. ನೆಟ್ಟಗಿದ್ದರೆ ಎದೆ ಹಗುರವಾಗುತ್ತದೆ. ಅದರ ಹಿಂದೆಯೇ ಒಂದು ಸಣ್ಣ ಭಾರ ಬರುತ್ತದೆ. ಅದಕ್ಕೆ ನಾನು ಹೆಸರು ಇಟ್ಟಿಲ್ಲ, ಇಡುವುದೂ ಇಲ್ಲ. ನಿಮಗೆ ಅದು ತಿಳಿದಿದೆ, ತಿಳಿದೂ ನನ್ನನ್ನೇ ಕೇಳಿದ್ದೀರಿ. ಅದಕ್ಕಾಗಿಯೇ ಇರಬೇಕು, ಸಹಿ ಮಾಡಿದ್ದೇನೆ. ಈ ಸಲ ಸರಿಯಾದ ಗೆರೆಯ ಮೇಲೆ.

ಪೆಟ್ಟಿಗೆ ಯಾಕೆ ಕಟ್ಟಿದೆ ಎಂದು ನಾನು ಹೇಳಲಿಲ್ಲ ಎಂದು ಬರೆದಿದ್ದೀರಿ. ಹಿಂದಿನ ದಿನ ನೀವು ಗುಳಿಗೆ ನುಂಗುವಾಗ ಅವಳು ನೀರು ತಂದುಕೊಟ್ಟಳು, ಲೋಟ ಖಾಲಿಯಾಗುವವರೆಗೂ ನಿಮ್ಮ ಗಂಟಲನ್ನೇ ನೋಡುತ್ತ ನಿಂತಳು. ಒಂಬತ್ತು ವರ್ಷದ ಹುಡುಗಿ. ಅವಳನ್ನು ಇಲ್ಲಿ ಇಟ್ಟುಕೊಂಡಿದ್ದರೆ ಅವಳು ಇಲ್ಲಿಂದಲೇ ನಿಮ್ಮ ಗಂಟಲು ನೋಡುತ್ತ ಕೂರುತ್ತಿದ್ದಳು.

ಬಾಳೆಕಾಯಿ ಮೆತ್ತಗಿರಬೇಕಾದರೆ ಎರಡನೆಯ ಸಲ ಕರಿಯುವ ಮುಂಚೆ ಉಪ್ಪುನೀರಲ್ಲಿ ಅದ್ದಿ. ಕ್ರಿಸ್‌ಮಸ್‌ಗೆ ಇಬ್ಬರೂ ಬನ್ನಿ. ಅವಳಿಗೆ ಹಾಗೆಯೇ ಹೇಳಿ, 'ವಾಪಸ್ ಯಾವಾಗ' ಎಂದು ಕೇಳಿದ್ದಳಲ್ಲ.

ಮಿಸ್ ಹ್ಯಾರಿಯೆಟ್ ಅವರ ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಏನೋ ಇತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಓದಿಸಿದೆ. ಹುಡುಗಿಗೆ ಹದಿನೆಂಟು ತುಂಬಿದ ದಿನ ಈ ಕಾಗದಕ್ಕೆ ಜೀವ ಇರುವುದಿಲ್ಲವಂತೆ. ಯಾರೂ ರದ್ದು ಮಾಡಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ, ತಾನಾಗಿಯೇ ಸಾಯುತ್ತದಂತೆ. ಸಾಯುವುದಿದ್ದರೆ ಅದೇ ಸಾಯಲಿ, ಕೊಮಾದ್ರೆ. ಗುಳಿಗೆ ತಪ್ಪಿಸಬೇಡಿ.

ನಿಮ್ಮ,
ಪ್ರೊವಿ